ರಕ್ತನಾಳ ತೆರೆದ ನಂತರ ಹೃದಯದ ಕಾರ್ಯಕ್ಷಮತೆ: ಎಕೋ ವರದಿಯನ್ನು ಅರಿಯುವ ಬಗೆ

ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಮರಳುವ ರೋಗಿಯ ಕೈಯಲ್ಲಿ ದಪ್ಪನೆಯ ಕಡತವೊಂದಿರುತ್ತದೆ. ಡಿಸ್‌ಚಾರ್ಜ್ ಸಮ್ಮರಿ, ಆಂಜಿಯೋಗ್ರಾಮ್‌ನ ಸಿ.ಡಿ., ಔಷಧಿಗಳ ಪಟ್ಟಿ, ಇವುಗಳ ಜೊತೆಗೆ ಒಂದೆರಡು ಪುಟಗಳ ಎಕೋಕಾರ್ಡಿಯೋಗ್ರಫಿ ವರದಿ. ನಮ್ಮ ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ‘ಟೂ-ಡಿ ಎಕೋ’ ಎಂದು ಕರೆಯುವುದು ರೂಢಿ. ಮನೆಯವರ ಕಣ್ಣು ಮೊದಲು ಹೋಗುವುದು ಈ ವರದಿಯ ಕೊನೆಯಲ್ಲಿರುವ ಒಂದು ಸಂಖ್ಯೆಯ ಕಡೆಗೆ. ಸ್ಟೆಂಟ್ ಚೆನ್ನಾಗಿ ಕೂತಿದೆ, ರಕ್ತ ಸರಾಗವಾಗಿ ಹರಿಯುತ್ತಿದೆ ಎಂದು ವೈದ್ಯರು ಹೇಳಿದ್ದಾರೆ. ಆದರೆ ವರದಿಯಲ್ಲಿ ‘ಇ.ಎಫ್. 40 ಶೇಕಡಾ’ ಎಂದಿದೆ. ನಾಳ ತೆರೆದ ಮೇಲೂ ಹೃದಯ ದುರ್ಬಲವಾಗಿರುವುದೇಕೆ? ಇದು ಹಾಗೆಯೇ ಉಳಿಯುವುದೇ, ಸುಧಾರಿಸುವುದೇ? ಈ ಪ್ರಶ್ನೆಗಳಿಗೆ ವೈದ್ಯವಿಜ್ಞಾನ ಇಂದು ಸಾಕಷ್ಟು ಸ್ಪಷ್ಟವಾದ ಉತ್ತರಗಳನ್ನು ಕೊಡಬಲ್ಲದು. ಹೊರರೋಗಿ ವಿಭಾಗದ ಐದು ನಿಮಿಷಗಳಲ್ಲಿ ಅವನ್ನು ವಿವರಿಸಲು ವೈದ್ಯರಿಗೆ ಬಿಡುವಿರುವುದಿಲ್ಲ. ಆ ಕಾರಣಕ್ಕಾಗಿಯೇ ಈ ಲೇಖನ.

ನಾಳ ಬೇರೆ, ಸ್ನಾಯು ಬೇರೆ

ಹೃದಯವು ದೇಹಕ್ಕೆಲ್ಲ ರಕ್ತವನ್ನು ಒತ್ತಿ ಕಳುಹಿಸುವ ಸ್ನಾಯುವಿನ ಚೀಲ. ಆ ಸ್ನಾಯುವಿಗೂ ತನ್ನದೇ ಆದ ರಕ್ತ ಪೂರೈಕೆ ಬೇಕು. ಅದನ್ನು ಒದಗಿಸುವವು ಹೃದಯದ ಮೇಲ್ಮೈಯಲ್ಲಿ ಹರಡಿಕೊಂಡಿರುವ ಕರೋನರಿ ಧಮನಿಗಳು. ಎಡಭಾಗದಿಂದ ಹೊರಟು ಮುಂದಿನ ಗೋಡೆಗೂ ಹೃದಯದ ತುದಿಗೂ ರಕ್ತ ಕೊಡುವ ಶಾಖೆಯನ್ನು ಎಲ್.ಎ.ಡಿ. ಎನ್ನುತ್ತಾರೆ. ಪಕ್ಕದ ಗೋಡೆಗೆ ಸರ್ಕಂಫ್ಲೆಕ್ಸ್, ಕೆಳಗಿನ ಗೋಡೆಗೆ ಹೆಚ್ಚಿನವರಲ್ಲಿ ಬಲ ಕರೋನರಿ ಧಮನಿ. ಈ ಹಂಚಿಕೆಯನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತುಗಳು ಸುಲಭವಾಗುತ್ತವೆ.

ಧಮನಿಯೊಂದು ಥಟ್ಟನೆ ಮುಚ್ಚಿಕೊಂಡಾಗ ಏನಾಗುತ್ತದೆ? 1935ರಲ್ಲಿ ಅಮೆರಿಕದ ಟೆನೆಂಟ್ ಮತ್ತು ವಿಗ್ಗರ್ಸ್ ಎಂಬ ವಿಜ್ಞಾನಿಗಳು ಪ್ರಾಣಿಗಳ ಹೃದಯದಲ್ಲಿ ಇದನ್ನು ಅಳೆದು ನೋಡಿದರು. ನಾಳವನ್ನು ಕಟ್ಟಿದ ಒಂದು ನಿಮಿಷದ ಆಸುಪಾಸಿನಲ್ಲಿಯೇ ಆ ಭಾಗದ ಸ್ನಾಯು ಸಂಕುಚಿಸುವುದನ್ನು ನಿಲ್ಲಿಸಿ, ಪ್ರತಿ ಬಡಿತಕ್ಕೂ ಹೊರಕ್ಕೆ ಉಬ್ಬತೊಡಗಿತು. ಗಮನಿಸಬೇಕಾದ ಅಂಶವೆಂದರೆ, ಕೆಲಸ ನಿಲ್ಲಿಸಿದ ಸ್ನಾಯು ಆಗಲೇ ಸತ್ತಿರುವುದಿಲ್ಲ. 1977ರಲ್ಲಿ ರೈಮರ್ ಮತ್ತು ಜೆನ್ನಿಂಗ್ಸ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ತೋರಿಸಿಕೊಟ್ಟವು. ಸುಮಾರು 20 ನಿಮಿಷಗಳ ತನಕ ಹಾನಿ ಹಿಂತಿರುಗಬಲ್ಲದ್ದು. ಅನಂತರ ಸಾವು ಗೋಡೆಯ ಒಳಪದರದಲ್ಲಿ ಆರಂಭವಾಗಿ, ದಡಕ್ಕೆ ಏರುವ ಅಲೆಯಂತೆ ಗಂಟೆಗಳ ಅವಧಿಯಲ್ಲಿ ಹೊರಪದರದತ್ತ ಸಾಗುತ್ತದೆ. ಹೃದಯಾಘಾತವಾದಾಗ ಒಂದೊಂದು ನಿಮಿಷವೂ ಅಮೂಲ್ಯ ಎನ್ನುವ ಮಾತಿನ ಹಿಂದಿರುವ ವಿಜ್ಞಾನ ಇದೇ. ಅಲೆ ಗೋಡೆಯ ಅರ್ಧ ದಾರಿಯಲ್ಲಿರುವಾಗ ನಾಳವನ್ನು ತೆರೆದರೆ ಉಳಿದರ್ಧ ಬದುಕುತ್ತದೆ.

ಹೀಗಾಗಿ ನಾಳ ತೆರೆದ ಮರುದಿನ ಹೃದಯದ ಗೋಡೆಯ ಒಂದು ಭಾಗ ಅಲುಗಾಡುತ್ತಿಲ್ಲವೆಂದರೆ ಅದಕ್ಕೆ ಒಂದಲ್ಲ, ಮೂರು ಕಾರಣಗಳಿರಬಹುದು. ಆ ಭಾಗ ನಿಜಕ್ಕೂ ಸತ್ತು ಕಲೆಯಾಗುತ್ತಿರಬಹುದು. ಬದುಕಿದ್ದರೂ ಪೆಟ್ಟು ತಿಂದು ದಿಗ್ಭ್ರಮೆಗೊಂಡಿರಬಹುದು. ಅಥವಾ ಬಹುಕಾಲದಿಂದ ರಕ್ತದ ಕೊರತೆಗೆ ಹೊಂದಿಕೊಂಡು, ದುಡಿಮೆಯನ್ನು ತಗ್ಗಿಸಿಕೊಂಡು ಜೀವ ಹಿಡಿದುಕೊಂಡಿರಬಹುದು. ಮೊದಲ ದಿನದ ಎಕೋದಲ್ಲಿ ಈ ಮೂರೂ ಒಂದೇ ರೀತಿ ಕಾಣುತ್ತವೆ. ಕುಟುಂಬದವರ ಗೊಂದಲಕ್ಕೆಲ್ಲ ಮೂಲ ಇಲ್ಲಿದೆ.

ಧ್ವನಿಯಿಂದ ಚಿತ್ರ

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಕೇಳಿಸುತ್ತದೆ. ಎಕೋ ಯಂತ್ರದ ಪ್ರೋಬ್ ಹೊರಡಿಸುವುದು ಸೆಕೆಂಡಿಗೆ 20ರಿಂದ 50 ಲಕ್ಷ ಕಂಪನಗಳ ಧ್ವನಿ. ಅದು ಹೃದಯದ ಗೋಡೆ, ಕವಾಟಗಳಿಗೆ ತಾಗಿ ಮರಳಿ ಬರುವ ಕಾಲವನ್ನು ಲೆಕ್ಕ ಹಾಕಿ ಯಂತ್ರವು ಚಿತ್ರವನ್ನು ಕಟ್ಟುತ್ತದೆ. ಎಕ್ಸ್-ರೇ ಇಲ್ಲ, ಚುಚ್ಚುವುದಿಲ್ಲ, ಎಷ್ಟು ಬಾರಿ ಮಾಡಿಸಿದರೂ ವಿಕಿರಣದ ಭಯವಿಲ್ಲ.

ಈ ವಿದ್ಯೆಯ ಹುಟ್ಟು ಸ್ವಾರಸ್ಯಕರ. ಸ್ವೀಡನ್ನಿನ ಲುಂಡ್ ನಗರದ ವೈದ್ಯ ಇಂಗೆ ಎಡ್ಲರ್ ಅವರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಮೈಟ್ರಲ್ ಕವಾಟದ ಸ್ಥಿತಿಯನ್ನು ತಿಳಿಯಬೇಕಿತ್ತು. ಅವರು ಭೌತವಿಜ್ಞಾನಿ ಕಾರ್ಲ್ ಹೆಲ್‌ಮುತ್ ಹರ್ಟ್ಸ್ ಅವರ ನೆರವು ಕೋರಿದರು. ಹರ್ಟ್ಸ್ ಮಾಲ್ಮೋ ಪಟ್ಟಣದ ಹಡಗುಕಟ್ಟೆಯಿಂದ, ಲೋಹದ ಬಿರುಕುಗಳನ್ನು ಪತ್ತೆ ಹಚ್ಚಲು ಬಳಸುತ್ತಿದ್ದ ಯಂತ್ರವೊಂದನ್ನು ಎರವಲು ತಂದು ತಮ್ಮದೇ ಎದೆಯ ಮೇಲೆ ಇಟ್ಟು ನೋಡಿದರಂತೆ! 1953ರ ಅಕ್ಟೋಬರ್ 29ರಂದು ಅವರಿಬ್ಬರೂ ಹೃದಯದ ಚಲನೆಯನ್ನು ದಾಖಲಿಸಿದರು. ಕರೋನರಿ ಧಮನಿಯನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಬಂದದ್ದು ಅದಕ್ಕೂ 24 ವರ್ಷಗಳ ನಂತರ. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಅದನ್ನು ಮೊದಲು ನೆರವೇರಿಸಿದರು. ಭಾರತದಲ್ಲಿ ಅದಕ್ಕೆ ನಾಂದಿ ಹಾಡಿದವರು ಚೆನ್ನೈನ ಡಾ. ಮ್ಯಾಥ್ಯೂ ಸ್ಯಾಮ್ಯುಯೆಲ್ ಕಳರಿಕ್ಕಲ್, 1986ರಲ್ಲಿ.

ಇ.ಎಫ್. ಎಂಬ ಸಂಖ್ಯೆ

ಎಡ ಹೃತ್ಕುಕ್ಷಿಯು ಪೂರ್ತಿ ತುಂಬಿಕೊಂಡಾಗ ಅದರಲ್ಲಿ 120 ಮಿ.ಲೀ. ರಕ್ತವಿದೆ ಎಂದಿಟ್ಟುಕೊಳ್ಳೋಣ. ಒಂದು ಬಡಿತಕ್ಕೆ ಅದು 70 ಮಿ.ಲೀ. ಹೊರಹಾಕಿದರೆ, ಇಜೆಕ್ಷನ್ ಫ್ರ್ಯಾಕ್ಷನ್ ಅಥವಾ ಇ.ಎಫ್. ಶೇಕಡಾ 58 ಆಗುತ್ತದೆ. ಆರೋಗ್ಯವಂತ ಹೃದಯವೂ ತನ್ನಲ್ಲಿರುವ ರಕ್ತವನ್ನೆಲ್ಲ ಎಂದೂ ಹೊರಹಾಕುವುದಿಲ್ಲ. 2015ರಲ್ಲಿ ಅಮೆರಿಕ ಮತ್ತು ಯುರೋಪಿನ ಎಕೋ ತಜ್ಞರ ಸಂಘಗಳು ಒಟ್ಟಾಗಿ ಹೊರತಂದ ಸೂಚಿಯಂತೆ ಪುರುಷರಲ್ಲಿ 52ರಿಂದ 72, ಮಹಿಳೆಯರಲ್ಲಿ 54ರಿಂದ 74 ಸಹಜ. ಆದ್ದರಿಂದ ‘ಅಪ್ಪನ ಹೃದಯ ಅರವತ್ತು ಶೇಕಡಾ ಮಾತ್ರ ಕೆಲಸ ಮಾಡುತ್ತಿದೆ’ ಎಂದು ದೂರವಾಣಿಯಲ್ಲಿ ಬಂಧುಗಳಿಗೆಲ್ಲ ತಿಳಿಸಿ ಕಣ್ಣೀರಿಡುವ ಅಗತ್ಯವಿಲ್ಲ. 60 ಎಂದರೆ ಪೂರ್ಣ ಸಹಜ. 40 ಎಂದರೆ ಅರ್ಧಕ್ಕಿಂತ ಹೆಚ್ಚು ಹೃದಯ ಹೋಯಿತೆಂದೂ ಅಲ್ಲ.

ನಮ್ಮವರು ಈ ಸಂಖ್ಯೆಯನ್ನು ಮಕ್ಕಳ ಅಂಕಪಟ್ಟಿಯಂತೆ ನೋಡುವುದನ್ನು ಕಾಣುತ್ತೇವೆ. ಕಳೆದ ಸಲ 45, ಈ ಸಲ 42, ಎಲ್ಲಿ ತಪ್ಪಿತು ಎಂಬ ಆತಂಕ. ವಾಸ್ತವದಲ್ಲಿ, ಒಂದೇ ದಿನ ಒಂದೇ ಹೃದಯವನ್ನು ಇಬ್ಬರು ನುರಿತ ತಜ್ಞರು ಅಳೆದರೂ ಐದರಿಂದ ಹತ್ತು ಅಂಶಗಳ ವ್ಯತ್ಯಾಸ ಬರುವುದುಂಟು. ಕೆಲವರು ಕಣ್ಣಂದಾಜಿನಲ್ಲಿ ಹೇಳುತ್ತಾರೆ. ಇನ್ನು ಕೆಲವರು ಎರಡು ಕೋನಗಳಿಂದ ಕುಕ್ಷಿಯ ಅಂಚನ್ನು ಗುರುತಿಸಿ ಲೆಕ್ಕ ಹಾಕುವ ‘ಸಿಂಪ್ಸನ್ ವಿಧಾನ’ವನ್ನು ಅನುಸರಿಸುತ್ತಾರೆ. ಎರಡನೆಯದು ಹೆಚ್ಚು ನಂಬಲರ್ಹ. ರಕ್ತದೊತ್ತಡ, ನಾಡಿಯ ವೇಗ, ಚಿತ್ರದ ಸ್ಪಷ್ಟತೆ, ಎಲ್ಲವೂ ಫಲಿತಾಂಶವನ್ನು ಮೇಲೆ ಕೆಳಗೆ ಮಾಡುತ್ತವೆ. 45ರಿಂದ 42ಕ್ಕೆ ಇಳಿದದ್ದು ಸುದ್ದಿಯಲ್ಲ, 45ರಿಂದ 30ಕ್ಕೆ ಇಳಿದರೆ ಸುದ್ದಿ.

ಇ.ಎಫ್. ಮೋಸ ಮಾಡುವ ಇನ್ನೊಂದು ಸಂದರ್ಭವಿದೆ. ಹೃದಯಾಘಾತದ ಮೊದಲ ದಿನಗಳಲ್ಲಿ ಮುಂದಿನ ಗೋಡೆ ಕೆಲಸ ನಿಲ್ಲಿಸಿದಾಗ, ಆರೋಗ್ಯವಾಗಿರುವ ಉಳಿದ ಗೋಡೆಗಳು ಎಂದಿಗಿಂತ ಹೆಚ್ಚು ಬಿರುಸಾಗಿ ದುಡಿಯುತ್ತವೆ. ಒಬ್ಬ ಮಗ ಮಲಗಿದಾಗ ಇನ್ನೊಬ್ಬ ಎರಡು ಪಾಳಿ ದುಡಿದು ಮನೆಯ ವರಮಾನವನ್ನು ಸರಿದೂಗಿಸಿದ ಹಾಗೆ. ಒಟ್ಟು ಇ.ಎಫ್. 50 ಇರಬಹುದು, ಹಾನಿ ಮಾತ್ರ ಚಿಕ್ಕದಾಗಿರುವುದಿಲ್ಲ.

ಗೋಡೆಗಳ ಚಲನೆ

ಆದಕಾರಣವೇ ಅನುಭವಿ ವೈದ್ಯರು ಸಂಖ್ಯೆಗಿಂತ ಮೊದಲು ಗೋಡೆಗಳ ಚಲನೆಯನ್ನು ಓದುತ್ತಾರೆ. ಎಡ ಹೃತ್ಕುಕ್ಷಿಯನ್ನು 16 ಅಥವಾ 17 ತುಂಡುಗಳಾಗಿ ಕಲ್ಪಿಸಿಕೊಂಡು ಪ್ರತಿಯೊಂದಕ್ಕೂ ಅಂಕ ಕೊಡುವುದು ಪದ್ಧತಿ. ಸಹಜವಾಗಿ ದಪ್ಪವಾಗುತ್ತ ಒಳಕ್ಕೆ ಸರಿದರೆ 1. ಚಲನೆ ಮಂದವಾಗಿದ್ದರೆ 2, ವರದಿಯಲ್ಲಿ ‘ಹೈಪೋಕೈನೀಸಿಯ’ ಎಂದಿರುತ್ತದೆ. ಚಲನೆಯೇ ಇಲ್ಲದಿದ್ದರೆ 3, ‘ಅಕೈನೀಸಿಯ’. ಒಳಕ್ಕೆ ಬರುವ ಬದಲು ಹೊರಕ್ಕೆ ಉಬ್ಬಿದರೆ 4, ‘ಡಿಸ್‌ಕೈನೀಸಿಯ’. ‘ಆರ್.ಡಬ್ಲ್ಯು.ಎಂ.ಎ. ಇನ್ ಎಲ್.ಎ.ಡಿ. ಟೆರಿಟರಿ’ ಎಂದು ಬರೆದಿದ್ದರೆ, ಎಲ್.ಎ.ಡಿ. ರಕ್ತ ಕೊಡುವ ಪ್ರದೇಶದಲ್ಲಿ ಚಲನೆಯ ದೋಷವಿದೆ ಎಂದರ್ಥ. ಇಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು ಎಂಬುದನ್ನು ಮರೆಯಬಾರದು.

ಬೈಪಾಸ್ ಆದವರಿಗೆ ಒಂದು ವಿಶೇಷ ಸೂಚನೆ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಎರಡು ಕುಕ್ಷಿಗಳ ನಡುವಣ ಗೋಡೆಯು ವಿಚಿತ್ರವಾಗಿ, ತಿರುವುಮುರುವಾಗಿ ಚಲಿಸುವುದು ಬಹಳ ಸಾಮಾನ್ಯ. ‘ಪ್ಯಾರಡಾಕ್ಸಿಕಲ್ ಸೆಪ್ಟಲ್ ಮೋಷನ್’ ಎಂಬ ಈ ಪದವನ್ನು ಕಂಡು ಹೊಸ ಹೃದಯಾಘಾತವಾಗಿದೆಯೆಂದು ಗಾಬರಿಯಾಗುವುದು ಬೇಡ. ಆ ಗೋಡೆ ಸಂಕುಚಿಸುವಾಗ ಸರಿಯಾಗಿ ದಪ್ಪವಾಗುತ್ತಿದ್ದರೆ ಸ್ನಾಯು ಆರೋಗ್ಯವಾಗಿಯೇ ಇದೆ.

ದಿಗ್ಭ್ರಮೆ ಮತ್ತು ಶಿಶಿರನಿದ್ರೆ

ರಕ್ತ ಮರಳಿ ಬಂದರೂ ಬದುಕಿರುವ ಸ್ನಾಯು ತಕ್ಷಣ ದುಡಿಯುವುದಿಲ್ಲ ಎಂಬುದನ್ನು 1970ರ ದಶಕದ ಪ್ರಯೋಗಗಳು ತೋರಿಸಿದ್ದವು. 1982ರಲ್ಲಿ ಬ್ರೌನ್‌ವಾಲ್ಡ್ ಮತ್ತು ಕ್ಲೋನರ್ ಅದಕ್ಕೆ ‘ಸ್ಟನ್ಡ್ ಮಯೋಕಾರ್ಡಿಯಮ್’ ಎಂಬ ಹೆಸರನ್ನು ನೆಲೆಗೊಳಿಸಿದರು. ಪೆಟ್ಟು ತಿಂದು ತಲೆ ಸುತ್ತಿ ಕುಳಿತ ಕುಸ್ತಿಪಟುವಿನಂತೆ ಈ ಸ್ನಾಯುವಿಗೆ ಬೇಕಾದುದು ವಿಶ್ರಾಂತಿ ಮತ್ತು ಸಮಯ. ದಿನಗಳಿಂದ ವಾರಗಳೊಳಗೆ ಅದು ಚೇತರಿಸಿಕೊಳ್ಳುತ್ತದೆ. ತುರ್ತು ಆಂಜಿಯೋಪ್ಲಾಸ್ಟಿಯ ಮರುದಿನ 38 ಇದ್ದ ಇ.ಎಫ್. ಎರಡು ತಿಂಗಳ ನಂತರ 50 ದಾಟುವುದಿದ್ದರೆ ಅದರ ಗುಟ್ಟು ಇದು.

ಎರಡನೆಯದಾದ ‘ಹೈಬರ್ನೇಟಿಂಗ್ ಮಯೋಕಾರ್ಡಿಯಮ್’ ಪರಿಕಲ್ಪನೆಯನ್ನು 1980ರ ದಶಕದಲ್ಲಿ ಬೆಳೆಸಿ ಪ್ರಚಾರಕ್ಕೆ ತಂದವರು ಡಾ. ಶಹಾಬುದ್ದೀನ್ ರಹಿಮ್‌ತೂಲ. ಅಮೆರಿಕದಲ್ಲಿ ಹೆಸರು ಮಾಡಿದ ಈ ತಜ್ಞರು 1931ರಲ್ಲಿ ಜನಿಸಿದ್ದು ಮುಂಬಯಿಯಲ್ಲಿ, ವೈದ್ಯಶಿಕ್ಷಣ ಪಡೆದದ್ದು ಕರಾಚಿಯಲ್ಲಿ ಎಂಬುದು ಮುಂಬಯಿ ಓದುಗರಿಗೆ ಆಸಕ್ತಿಯ ಸಂಗತಿ. ನಾಳ ಹಲವು ತಿಂಗಳು, ವರ್ಷಗಳ ಕಾಲ ಕಿರಿದಾಗಿಯೇ ಉಳಿದಾಗ ಸ್ನಾಯುವು ಇರುವ ಅಲ್ಪ ರಕ್ತದಲ್ಲಿ ಪ್ರಾಣ ಉಳಿಸಿಕೊಳ್ಳಲು ದುಡಿಮೆಯನ್ನು ಇಳಿಸುತ್ತದೆ. ಶೀತಪ್ರದೇಶದ ಪ್ರಾಣಿಗಳು ಚಳಿಗಾಲವನ್ನು ನಿದ್ರೆಯಲ್ಲಿ ಕಳೆಯುವ ಹಾಗೆ. ರಕ್ತ ಪೂರೈಕೆ ಸರಿಯಾದರೆ ಅದು ಎಚ್ಚರಗೊಳ್ಳಬಹುದು. ಆದರೆ ನಿಧಾನವಾಗಿ: ಹಲವು ವಾರಗಳು, ಕೆಲವೊಮ್ಮೆ ಆರು ತಿಂಗಳು, ವರ್ಷ.

ನಿದ್ರಿಸುವ ಸ್ನಾಯುವನ್ನು ಸತ್ತ ಸ್ನಾಯುವಿನಿಂದ ಬೇರ್ಪಡಿಸುವುದು ಹೇಗೆ? ಎಕೋದಲ್ಲಿ ಗೋಡೆ 6 ಮಿ.ಮೀ.ಗಿಂತ ತೆಳ್ಳಗಾಗಿ ಬೆಳ್ಳಗೆ ಹೊಳೆಯುತ್ತಿದ್ದರೆ ಅದು ಬಹುಮಟ್ಟಿಗೆ ಕಲೆ. ದಪ್ಪ ಉಳಿದುಕೊಂಡಿದ್ದರೆ ಆಸೆಯಿದೆ. ಇನ್ನಷ್ಟು ನಿಖರವಾಗಿ ತಿಳಿಯಲು ಡೋಬ್ಯುಟಮಿನ್ ಎಕೋ ಇದೆ. ಹೃದಯವನ್ನು ಪ್ರಚೋದಿಸುವ ಈ ಔಷಧಿಯನ್ನು ರಕ್ತನಾಳದ ಮೂಲಕ ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಚಿತ್ರ ತೆಗೆಯುತ್ತಾರೆ. ಸತ್ತ ಭಾಗಕ್ಕೆ ಯಾವ ಪ್ರಮಾಣವೂ ತಟ್ಟುವುದಿಲ್ಲ. ನಿದ್ರಿಸುವ ಭಾಗ ಕಡಿಮೆ ಪ್ರಮಾಣದಲ್ಲಿ ಮಿಸುಕಾಡುತ್ತದೆ, ಪ್ರಮಾಣ ಹೆಚ್ಚಿದಾಗ ರಕ್ತ ಸಾಲದೆ ಮತ್ತೆ ಸೋಲುತ್ತದೆ. ಈ ಎರಡು ಹಂತದ ವರ್ತನೆ ಕಂಡರೆ, ನಾಳ ತೆರೆದ ಮೇಲೆ ಆ ಭಾಗ ಚೇತರಿಸಿಕೊಳ್ಳುವ ಸಾಧ್ಯತೆ ಉತ್ತಮ ಎಂದು ತಜ್ಞರು ಭಾವಿಸುತ್ತಾರೆ.

ಸಮಯದ ಪ್ರಶ್ನೆ

ಹೃದಯಾಘಾತವಾದ ಪ್ರತಿಯೊಬ್ಬರಿಗೂ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನ ಒಮ್ಮೆ ಎಕೋ ಆಗಬೇಕು. ಇ.ಎಫ್., ಚಲನೆಯ ದೋಷಗಳ ಜೊತೆಗೆ, ಮೈಟ್ರಲ್ ಕವಾಟ ಸೋರುತ್ತಿದೆಯೇ, ಹೃದಯದ ಚೀಲದಲ್ಲಿ ನೀರು ಸೇರಿದೆಯೇ, ಚಲನೆ ನಿಂತ ತುದಿಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಆಗ ನೋಡುತ್ತಾರೆ. ಕೊನೆಯದು ಮುಖ್ಯ: ಅಲ್ಲಿಂದ ಕಳಚಿದ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಹೆಪ್ಪು ಕಂಡುಬಂದರೆ ರಕ್ತ ತೆಳುಮಾಡುವ ಔಷಧಿಯನ್ನು ಕೆಲವು ತಿಂಗಳು ಕೊಟ್ಟು ಮರುಪರೀಕ್ಷೆ ಮಾಡುತ್ತಾರೆ.

ಆ ಮೊದಲ ಎಕೋದಲ್ಲಿ ಇ.ಎಫ್. 40 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆರರಿಂದ ಹನ್ನೆರಡು ವಾರಗಳ ನಂತರ ಎರಡನೆಯ ಎಕೋ ತಪ್ಪದೆ ಆಗಬೇಕು. ನಮ್ಮಲ್ಲಿ ಹೆಚ್ಚು ಮಂದಿ ತಪ್ಪುವುದು ಇಲ್ಲಿಯೇ ಎಂದು ಈ ಲೇಖಕನ ಅನಿಸಿಕೆ. ಎದೆನೋವಿಲ್ಲ, ಕೆಲಸಕ್ಕೆ ಹೋಗುತ್ತಿದ್ದಾರೆ, ಮತ್ತೇಕೆ ಖರ್ಚು ಎಂದು ಬಿಡುತ್ತಾರೆ. ಆದರೆ ಈ ಎರಡನೆಯ ಎಕೋದ ಮೇಲೆ ಒಂದು ದೊಡ್ಡ ನಿರ್ಧಾರ ನಿಂತಿದೆ. ಇ.ಎಫ್. 35ರ ಆಚೆ ಏರದೆ ಉಳಿದವರಲ್ಲಿ ಹೃದಯದ ಲಯ ಇದ್ದಕ್ಕಿದ್ದಂತೆ ಕೆಟ್ಟು ಹಠಾತ್ ಮರಣ ಸಂಭವಿಸುವ ಅಪಾಯ ಹೆಚ್ಚು. ಅವರ ಪೈಕಿ ಇ.ಎಫ್. 30 ಅಥವಾ ಅದಕ್ಕಿಂತ ಕಡಿಮೆಯಿದ್ದವರಿಗೆ ಚರ್ಮದಡಿಯಲ್ಲಿ ಐ.ಸಿ.ಡಿ. ಎಂಬ ಉಪಕರಣವನ್ನು ಅಳವಡಿಸಿದರೆ ಜೀವ ಉಳಿಯಬಹುದು ಎಂದು 2002ರ ಮ್ಯಾಡಿಟ್-2 ಅಧ್ಯಯನ ತೋರಿಸಿತು. ಹಾಗೆಂದು ಮೊದಲ ವಾರದಲ್ಲೇ ಅವಸರಪಡುವಂತಿಲ್ಲ. ಆಘಾತದ ಆರಂಭದ ವಾರಗಳಲ್ಲಿ ಅಳವಡಿಸಿದ್ದರಿಂದ ಒಟ್ಟು ಮರಣ ಕಡಿಮೆಯಾಗಲಿಲ್ಲವೆಂದು 2004ರ ಡೈನಮಿಟ್ ಅಧ್ಯಯನದಿಂದ ತಿಳಿಯಿತು. ಹೀಗಾಗಿ ಆಘಾತದ ನಂತರ ಕನಿಷ್ಠ 40 ದಿನ, ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಆಗಿದ್ದರೆ 90 ದಿನ ಕಾದು, ಔಷಧಿಗಳನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟು ಮತ್ತೆ ಅಳೆಯುವುದು ಕ್ರಮ. ದಿಗ್ಭ್ರಮೆಗೊಂಡ ಸ್ನಾಯುವಿಗೆ ಎಚ್ಚರಗೊಳ್ಳಲು ಕೊಡುವ ಗಡುವು ಅದು. ಅನೇಕರಲ್ಲಿ ಅಷ್ಟರೊಳಗೆ ಇ.ಎಫ್. 35 ದಾಟಿ, ಲಕ್ಷಗಟ್ಟಲೆ ಬೆಲೆಯ ಉಪಕರಣದ ಅಗತ್ಯವೇ ಬೀಳುವುದಿಲ್ಲ.

ತೆರೆದರೆ ಇ.ಎಫ್. ಏರುವುದೇ?

ಹೃದಯಾಘಾತ ನಡೆಯುತ್ತಿರುವಾಗ ನಾಳವನ್ನು ತೆರೆಯುವುದು ಜೀವರಕ್ಷಕ. ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ತಡವಾಗಿ ಬಂದವರ ಮತ್ತು ಹಳೆಯ ಕಾಯಿಲೆಯವರ ವಿಷಯದಲ್ಲಿ. ‘ನಾಳ ತೆರೆದುಬಿಟ್ಟರೆ ಪಂಪಿಂಗ್ ಸರಿಹೋಗುತ್ತದೆ’ ಎಂಬ ಭರವಸೆಯ ಮೇಲೆ ಸಾಲ ಮಾಡಿ ಚಿಕಿತ್ಸೆಗೆ ಇಳಿಯುವ ಕುಟುಂಬಗಳಿವೆ. ಅವರು ಮುಂದಿನ ಸಂಗತಿಗಳನ್ನು ತಿಳಿದಿರಬೇಕು.

ಆಘಾತವಾಗಿ 3ರಿಂದ 28 ದಿನ ಕಳೆದು ಸ್ಥಿರವಾಗಿದ್ದ 2,166 ರೋಗಿಗಳಲ್ಲಿ ಪೂರ್ಣ ಮುಚ್ಚಿದ ನಾಳವನ್ನು ತೆರೆದು ನೋಡಿದ ಓ.ಎ.ಟಿ. ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮರಣ, ಮರು ಆಘಾತ, ಹೃದಯ ವೈಫಲ್ಯ ಯಾವುದೂ ಕಡಿಮೆಯಾಗಲಿಲ್ಲ. ಇ.ಎಫ್. 35 ಅಥವಾ ಅದಕ್ಕಿಂತ ಕಡಿಮೆಯಿದ್ದ 1,212 ಮಂದಿಯನ್ನು ಒಳಗೊಂಡ ಸ್ಟಿಚ್ ಅಧ್ಯಯನದಲ್ಲಿ ಬೈಪಾಸ್‌ನ ಲಾಭ ಕಾಣಿಸಿಕೊಳ್ಳಲು ಹತ್ತು ವರ್ಷ ಬೇಕಾಯಿತು: ಬೈಪಾಸ್ ಆದವರಲ್ಲಿ ಮರಣ ಶೇ. 58.9, ಔಷಧಿ ಮಾತ್ರ ಪಡೆದವರಲ್ಲಿ ಶೇ. 66.1. ಲಾಭ ನಿಜ. ಆದರೆ ಅದು ಇ.ಎಫ್. ಏರಿದ್ದರಿಂದ ಬಂದದ್ದಲ್ಲವೆಂದು 2019ರ ವಿಶ್ಲೇಷಣೆ ಸೂಚಿಸಿತು. ಬದುಕಿರುವ ಸ್ನಾಯು ಉಳ್ಳವರಲ್ಲಿ ಇ.ಎಫ್. ಏರಿತು ನಿಜ, ಆದರೆ ಚಿಕಿತ್ಸೆ ಯಾವುದಿದ್ದರೂ ಏರಿತು. ಆ ಏರಿಕೆಗೂ ಆಯುಸ್ಸಿಗೂ ನಂಟು ಕಾಣಲಿಲ್ಲ. ಬ್ರಿಟನ್ನಿನಲ್ಲಿ 700 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ರಿವೈವ್ಡ್ ಅಧ್ಯಯನ ಇನ್ನೂ ನೇರ. ದುರ್ಬಲ ಹೃದಯದವರಿಗೆ, ಬದುಕಿರುವ ಸ್ನಾಯು ಇದೆಯೆಂದು ಖಚಿತಪಡಿಸಿಕೊಂಡೇ ಸ್ಟೆಂಟ್ ಹಾಕಲಾಯಿತು. ಉತ್ತಮ ಔಷಧಿಗಳನ್ನಷ್ಟೇ ಪಡೆದವರಿಗೆ ಹೋಲಿಸಿದರೆ ಮರಣದಲ್ಲಾಗಲಿ, ಆರು ಮತ್ತು ಹನ್ನೆರಡು ತಿಂಗಳ ಎಕೋದ ಇ.ಎಫ್.ನಲ್ಲಾಗಲಿ ಗಮನಾರ್ಹ ಅಂತರ ಕಂಡುಬರಲಿಲ್ಲ.

ಇದರಿಂದ ಸ್ಟೆಂಟ್ ನಿರುಪಯೋಗಿ ಎಂದು ತೀರ್ಮಾನಿಸಲಾಗದು. ಔಷಧಿಗೆ ಬಗ್ಗದ ಎದೆನೋವಿಗೆ ಅದು ಒಳ್ಳೆಯ ಪರಿಹಾರ. ಆದರೆ ಇ.ಎಫ್. ಏರಿಸುವುದೊಂದೇ ಉದ್ದೇಶವೆಂದು ಯಾರಾದರೂ ಹೇಳಿದರೆ, ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದರಲ್ಲಿ ಸಂಕೋಚ ಬೇಡ. ದುರ್ಬಲ ಹೃದಯವನ್ನು ಇಂದು ಹೆಚ್ಚಾಗಿ ಮೇಲೆತ್ತುತ್ತಿರುವುದು ನಾಲ್ಕು ಬಗೆಯ ಔಷಧಿಗಳು: ಬೀಟಾ ಬ್ಲಾಕರ್, ಎ.ಸಿ.ಇ. ಇನ್‌ಹಿಬಿಟರ್ ಅಥವಾ ಅದರ ಸ್ಥಾನದಲ್ಲಿ ಸಕುಬಿಟ್ರಿಲ್-ವಾಲ್ಸಾರ್ಟನ್; ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್; ಮತ್ತು ಮೊದಲು ಮಧುಮೇಹಕ್ಕೆಂದು ಬಂದ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಇ.ಎಫ್. 35ರಿಂದ 50ಕ್ಕೆ ಏರಿತೆಂದು ಇವನ್ನು ತಾವೇ ನಿಲ್ಲಿಸುವುದು ದೊಡ್ಡ ತಪ್ಪು. ಏರಿದ್ದು ಅನೇಕ ವೇಳೆ ಅವುಗಳ ಬಲದಿಂದಲೇ.

ವರದಿಯ ಇತರ ಸಾಲುಗಳು

‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಎಂಬ ಮಾತು ಅರುವತ್ತು ದಾಟಿದವರ ವರದಿಗಳಲ್ಲಿ ಬಹಳ ಸಾಮಾನ್ಯ. ಹೃದಯ ಸಡಿಲಗೊಳ್ಳುವ ಗತಿ ವಯಸ್ಸಿನೊಡನೆ ನಿಧಾನವಾಗುತ್ತದೆ. ಅದೊಂದೇ ಇದ್ದರೆ ಚಿಂತೆಯಿಲ್ಲ. ಗ್ರೇಡ್ 2, 3 ಆದರೆ ಎಡ ಹೃತ್ಕರ್ಣದಲ್ಲಿ ಒತ್ತಡ ಏರಿದೆ ಎಂದು ತಿಳಿಯಬೇಕು. ಇ.ಎಫ್. ಚೆನ್ನಾಗಿದ್ದೂ ಮೆಟ್ಟಿಲು ಹತ್ತುವಾಗ ಉಸಿರು ಸಾಲದಿದ್ದರೆ ಉತ್ತರ ಇಲ್ಲಿರಬಹುದು. ಕೆಲವು ಕೇಂದ್ರಗಳು ‘ಗ್ಲೋಬಲ್ ಸ್ಟ್ರೇನ್’ ಎಂಬ ಅಳತೆಯನ್ನೂ ಕೊಡುತ್ತವೆ. ಸ್ನಾಯು ಉದ್ದದಲ್ಲಿ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕವಿದು. ಕುಗ್ಗುವಿಕೆಯಾದ್ದರಿಂದ ಋಣಚಿಹ್ನೆ, ಮೈನಸ್ 20ರ ಆಸುಪಾಸು ಸಹಜ. ಇ.ಎಫ್. ಇನ್ನೂ ಇಳಿಯದಿರುವಾಗಲೇ ಇದು ಸೂಕ್ಷ್ಮ ಹಾನಿಯನ್ನು ಹಿಡಿಯಬಲ್ಲದು. ಬೇರೆ ಬೇರೆ ಕಂಪನಿಗಳ ಯಂತ್ರಗಳ ಸ್ಟ್ರೇನ್ ಅಂಕಗಳನ್ನು ಪರಸ್ಪರ ಹೋಲಿಸುವಂತಿಲ್ಲ.

ಹೃತ್ಕುಕ್ಷಿಯ ಗಾತ್ರವನ್ನು ತಿಳಿಸುವ ಸಾಲನ್ನು ಓದುಗರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಆಘಾತದ ನಂತರ ಬದುಕುಳಿಯುವಿಕೆಯನ್ನು ಇ.ಎಫ್.ಗಿಂತ ಚೆನ್ನಾಗಿ ಸೂಚಿಸುವುದು ಸಂಕುಚಿಸಿದ ಮೇಲೂ ಕುಕ್ಷಿಯಲ್ಲಿ ಉಳಿಯುವ ರಕ್ತದ ಪ್ರಮಾಣ ಎಂದು 1987ರಲ್ಲಿಯೇ ನ್ಯೂಜಿಲೆಂಡಿನ ಹಾರ್ವಿ ವೈಟ್ ಮತ್ತು ಸಂಗಡಿಗರು ತೋರಿಸಿದ್ದರು. ಆ ಪ್ರಮಾಣ ಎಕೋದಿಂದ ಎಕೋಗೆ ಹಿಗ್ಗುತ್ತ ಹೋಗುವುದು ಒಳ್ಳೆಯ ಲಕ್ಷಣವಲ್ಲ.

ಎಕೋ ಹೇಳದ ಸಂಗತಿಯೊಂದಿದೆ. ಸಾಮಾನ್ಯ ಎಕೋ ಸ್ಟೆಂಟಿನ ಒಳಭಾಗವನ್ನು ತೋರಿಸುವುದಿಲ್ಲ. ವರದಿ ಸಹಜವಿದೆಯೆಂದ ಮಾತ್ರಕ್ಕೆ ನಾಳ ಮತ್ತೆ ಕಿರಿದಾಗಿಲ್ಲ ಎನ್ನಲಾಗದು. ಎದೆಯಲ್ಲಿ ಹಳೆಯ ನೋವು ಮರಳಿದರೆ ‘ಮೊನ್ನೆಯಷ್ಟೇ ಎಕೋ ಸರಿ ಇತ್ತು’ ಎಂದು ಸಮಾಧಾನಪಟ್ಟುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ ಒಂದೆರಡು ದಿನಗಳಲ್ಲಿ ತೂಕ ಎರಡು ಕಿಲೋ ಏರಿದರೆ, ಪಾದ ಊದಿಕೊಂಡರೆ, ರಾತ್ರಿ ದಿಂಬು ಏರಿಸಿ ಮಲಗಬೇಕಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬಾರದು.

ಮರುಪರೀಕ್ಷೆಗೆ ಹೋಗುವಾಗ ಹಿಂದಿನ ವರದಿ ಮಾತ್ರವಲ್ಲದೆ, ಸಾಧ್ಯವಾದರೆ ಎಕೋದ ಚಿತ್ರಗಳ ಸಿ.ಡಿ.ಯನ್ನೂ ಒಯ್ಯಿರಿ. ಆದಷ್ಟು ಅದೇ ಕೇಂದ್ರದಲ್ಲಿ, ಅದೇ ವಿಧಾನದಲ್ಲಿ ಅಳೆಸುವುದು ಒಳ್ಳೆಯದು. ಊರಿನಲ್ಲಿರುವ ಹಿರಿಯರನ್ನು ಚಿಕಿತ್ಸೆಗೆ ಮುಂಬಯಿ, ಪುಣೆ, ಚೆನ್ನೈಗೆ ಕರೆಸಿಕೊಂಡು ಮತ್ತೆ ಊರಿಗೆ ಕಳುಹಿಸುವ ನಮ್ಮ ಕುಟುಂಬಗಳಲ್ಲಿ ಈ ಕಡತ ಎರಡು ಮನೆಗಳ ನಡುವೆ ಕಳೆದುಹೋಗುವುದೇ ಹೆಚ್ಚು. ಎಲ್ಲ ಪುಟಗಳ ಚಿತ್ರ ತೆಗೆದು ಮಕ್ಕಳ ಮೊಬೈಲಿನಲ್ಲಿ ಇರಿಸಿಕೊಳ್ಳಿ. ಊರಿನ ವೈದ್ಯರಿಗೂ ಒಂದು ಪ್ರತಿ ಇರಲಿ. ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ತಕ್ಷಣ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯ ಸರಕಾರ ಆರಂಭಿಸಿದೆ. ಊರಿನ ಮನೆಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ಸೌಲಭ್ಯವಿದೆ ಎಂಬುದನ್ನು ಈಗಲೇ ವಿಚಾರಿಸಿ, ವಿಳಾಸವನ್ನು ಅದೇ ಕಡತದ ಮೊದಲ ಪುಟದಲ್ಲಿ ಬರೆದಿಡಬಹುದು.